‘ಎತ್ತರದ ಇಂಜೆಕ್ಷನ್’ ಮುಗಿದ ಮೇಲೆ: ಟರ್ನರ್ ಸಿಂಡ್ರೋಮ್‌ನ ಒಂದು ಪ್ರಕರಣ

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಈ ಹುಡುಗಿಯನ್ನು ಇಲ್ಲಿ ಸುಮಾ ಎಂದು ಕರೆದಿದೆ. ಊರು, ಆಸ್ಪತ್ರೆ, ಮನೆಯವರ ಕಸುಬು ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದೆ. ಅವಳಿಗಿರುವ ಟರ್ನರ್ ಸಿಂಡ್ರೋಮ್ ಎಂದರೆ ಹೆಣ್ಣಿನಲ್ಲಿ ಇರಬೇಕಾದ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಇಲ್ಲದೆ ಅಥವಾ ಅಪೂರ್ಣವಾಗಿ ಹುಟ್ಟುವ ಸ್ಥಿತಿ. ಅವಳ 11ನೇ ವಯಸ್ಸಿನಿಂದ 26ರವರೆಗೆ ನಡೆದದ್ದು ಇದು. ಮಕ್ಕಳ ವೈದ್ಯರು, ಸ್ತ್ರೀರೋಗ ತಜ್ಞರು, ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯವರು, ಆಶಾ ಕಾರ್ಯಕರ್ತೆಯರು ಮತ್ತು ಇಂಥ ಹೆಣ್ಣುಮಕ್ಕಳ ಮನೆಯವರು ಓದಲೆಂದು ಬರೆದದ್ದು.

ಹಿನ್ನೆಲೆ

ಸುಮಾಳನ್ನು ಮೈಸೂರಿಗೆ ಕರೆತಂದದ್ದು ಕುಳ್ಳಗಿದ್ದಾಳೆಂದಲ್ಲ, ಕಿವಿ ಸೋರುತ್ತದೆಂದು. ಮೂರು ವರ್ಷದವಳಿದ್ದಾಗಿನಿಂದ ಮಳೆಗಾಲ ಬಂತೆಂದರೆ ಕಿವಿಯಲ್ಲಿ ಕೀವು, ಐದು ದಿನ ಔಷಧಿ, ಮತ್ತೆ ಕೀವು. ಕಿವಿ-ಮೂಗು-ಗಂಟಲು ವಿಭಾಗದ ಕಿರಿಯ ವೈದ್ಯೆ ಕಿವಿ ನೋಡಲು ಜಡೆ ಸರಿಸಿದಾಗ ಹಿಂದಲೆಯ ಕೂದಲು ಕುತ್ತಿಗೆಯ ಬುಡದವರೆಗೂ ಇಳಿದಿರುವುದು ಕಂಡಿತು. ಬಾಯಿ ತೆರೆಸಿದರೆ ಅಂಗುಳ ಕಮಾನಿನಂತೆ ಮೇಲೆದ್ದಿದೆ. ಕೈಚಾಚು ಎಂದರೆ ಮೊಣಕೈಯಿಂದ ಕೆಳಗಿನ ಭಾಗ ಹೊರಕ್ಕೆ ವಾಲುತ್ತದೆ. ಉಗುರುಗಳು ಚಿಕ್ಕವು, ತುದಿ ಮೇಲಕ್ಕೆ ಮಡಚಿದಂತಿವೆ. ಗೋಡೆಗೆ ನಿಲ್ಲಿಸಿ ಅಳೆದರು: 119 ಸೆಂ.ಮೀ. ತೂಕ 25 ಕೆ.ಜಿ. ಚೀಟಿಯ ಕೊನೆಗೆ ‘ಕ್ಯಾರಿಯೋಟೈಪ್?’ ಎಂದು ಬರೆದರು, ಅಂದರೆ ಕ್ರೋಮೋಸೋಮ್‌ಗಳನ್ನು ಎಣಿಸಿ ನೋಡುವ ಪರೀಕ್ಷೆ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಒಂದು ಪದ.

ಅಲ್ಲಿಯವರೆಗೆ ಸುಳಿವು ಇರಲಿಲ್ಲವೆಂದಲ್ಲ. ಹುಟ್ಟಿದಾಗ ಎರಡೂ ಪಾದಗಳ ಮೇಲ್ಭಾಗ ಊದಿತ್ತು. ‘ನೀರು ತುಂಬಿದೆ, ತಾನೇ ಇಳಿಯುತ್ತದೆ’ ಎಂದರು. ನಾಲ್ಕು ತಿಂಗಳಲ್ಲಿ ಇಳಿಯಿತು ಕೂಡ. ಹೆಣ್ಣು ಶಿಶುವಿನ ಪಾದ ಅಥವಾ ಅಂಗೈ ಹಿಂಭಾಗ ಹುಟ್ಟಿನಲ್ಲೇ ಊದಿದ್ದರೆ, ಅದು ಇಳಿದರೂ ಸರಿ, ಕ್ರೋಮೋಸೋಮ್ ಪರೀಕ್ಷೆಗೆ ಅದೊಂದೇ ಕಾರಣ ಸಾಕು. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಆರು ವರ್ಷವೂ ಅವಳೇ ಮೊದಲು. ಅಜ್ಜಿಯ ಉತ್ತರ ಸಿದ್ಧವಿತ್ತು: ‘ನಮ್ಮತ್ತೆನೂ ಹಿಂಗೇ ಇದ್ರು ಕಣಪ್ಪ, ಕುಳ್ಳು ವಂಶ.’ ಲೆಕ್ಕ ಮಾತ್ರ ಅಜ್ಜಿಯ ಮಾತಿಗೆ ಹೊಂದುವುದಿಲ್ಲ. ಅಪ್ಪ 165 ಸೆಂ.ಮೀ., ಅವ್ವ 150. ಎರಡನ್ನೂ ಕೂಡಿಸಿ, 13 ಕಳೆದು, ಅರ್ಧ ಮಾಡಿದರೆ ಮಗಳು ಮುಟ್ಟಬೇಕಾದ ಎತ್ತರ ಸುಮಾರು 151. ಆ ದಾರಿಯಲ್ಲಿ ಬೆಳೆಯುವ ಹುಡುಗಿ 11ಕ್ಕೆ 119ರಲ್ಲಿ ಇರುವುದಿಲ್ಲ. ಕಾರಣ ತಿಳಿಯದ ಕುಳ್ಳುತನವಿರುವ ಪ್ರತಿ ಹುಡುಗಿಗೂ, ಮುಖ ಚಹರೆಯಲ್ಲಿ ಏನೂ ಕಾಣದಿದ್ದರೂ, ಕ್ಯಾರಿಯೋಟೈಪ್ ಮಾಡಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಮೊದಲ ಮಾದರಿ ಹಾಳಾಯಿತು. ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕಳಿಸಿದ್ದರು. ಅದರಲ್ಲಿರುವ ಇ.ಡಿ.ಟಿ.ಎ. ಎಂಬ ರಾಸಾಯನಿಕ ರಕ್ತಕಣಗಳ ಎಣಿಕೆಗೆ ಸರಿ. ಕ್ಯಾರಿಯೋಟೈಪ್‌ಗೆ ಬೇಕಾದ್ದು ಜೀವಂತ ಬಿಳಿ ರಕ್ತಕಣಗಳು. ಅವನ್ನು ಸುಮಾರು 72 ಗಂಟೆ ಬೆಳೆಸಿ, ವಿಭಜನೆಯ ನಡುವೆ ನಿಲ್ಲಿಸಿ ನೋಡಬೇಕು. ಅದಕ್ಕೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು, 3 ಮಿ.ಲೀ. ರಕ್ತ, ಫ್ರೀಜರ್‌ಗೆ ಹಾಕದೆ ಮರುದಿನದೊಳಗೆ ಲ್ಯಾಬಿಗೆ. ಟ್ಯೂಬಿನ ಮುಚ್ಚಳದ ಬಣ್ಣ ತಪ್ಪಿದ್ದಕ್ಕೆ ಐದು ವಾರ ಹೋಯಿತು. ಎರಡನೇ ಸಲ ಎಣಿಸಿದ 30 ಕೋಶಗಳಲ್ಲಿ 30ರಲ್ಲೂ 45,ಎಕ್ಸ್. ಎರಡು ಎಕ್ಸ್ ಕ್ರೋಮೋಸೋಮ್ ಇರಬೇಕಾದಲ್ಲಿ ಒಂದೇ. ಗಂಡಸರಲ್ಲಿ ಇರುವ ವೈ ಕ್ರೋಮೋಸೋಮಿನ ತುಣುಕೇನಾದರೂ ಇದೆಯೆಂಬ ಗುಮಾನಿ ಇರಲಿಲ್ಲ. ಇದ್ದಿದ್ದರೆ ಅಂಡಾಶಯದ ಜಾಗದಲ್ಲಿ ಗಡ್ಡೆ ಬೆಳೆಯುವ ಅಪಾಯಕ್ಕಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತಿತ್ತು.

ಸುಮಾಳ ಅವ್ವ ಮದುವೆಯಾಗಿದ್ದು ಸೋದರಮಾವನನ್ನು. ವರದಿ ಬಂದ ದಿನವೇ ಮನೆಯಲ್ಲಿ ತಪ್ಪು ಯಾರದೆಂಬ ಜಗಳ ಶುರು. ಟರ್ನರ್ ಸಿಂಡ್ರೋಮ್‌ಗೂ ಸೋದರಿಕೆ ಮದುವೆಗೂ ಸಂಬಂಧವಿಲ್ಲ, ತಾಯಿಯ ವಯಸ್ಸಿಗೂ ಇಲ್ಲ. ಅಂಡವೋ ವೀರ್ಯವೋ ರೂಪುಗೊಳ್ಳುವಾಗ, ಇಲ್ಲವೇ ಭ್ರೂಣದ ಮೊದಮೊದಲ ವಿಭಜನೆಯಲ್ಲಿ ಒಂದು ಎಕ್ಸ್ ಬಿಟ್ಟುಹೋಗುತ್ತದೆ. ಹೆಚ್ಚಿನವರಲ್ಲಿ ಬಿಟ್ಟುಹೋಗಿರುವುದು ತಂದೆಯ ಕಡೆಯದು. ಅದೂ ಯಾರೂ ಮಾಡಿದ್ದಲ್ಲ. ಹುಟ್ಟುವ 2000ದಿಂದ 2500 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹೀಗಾಗುತ್ತದೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿದ್ದದ್ದು 18 ಲಕ್ಷ ಜನ. ಅರ್ಧದಷ್ಟು ಹೆಂಗಸರೆಂದು ಹಿಡಿದರೆ 350ಕ್ಕೂ ಹೆಚ್ಚು ಮಂದಿ ಈ ಜಿಲ್ಲೆಯೊಂದರಲ್ಲೇ ಇರಬೇಕು. ಅವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಈ ವರದಿ ಇರಲಾರದು.

ಮೊದಲ ತೀರ್ಮಾನಗಳು

ಪತ್ತೆಯಾದ ತಿಂಗಳೊಳಗೆ ಮಾಡಬೇಕಾದ ಪರೀಕ್ಷೆಗಳು ಆದವು. ಹೊಟ್ಟೆಯ ಸ್ಕ್ಯಾನಿನಲ್ಲಿ ಎರಡು ಮೂತ್ರಪಿಂಡಗಳು ಕೆಳತುದಿಯಲ್ಲಿ ಕೂಡಿಕೊಂಡು ಕುದುರೆ ಲಾಳದ ಆಕಾರದಲ್ಲಿದ್ದವು. ಕೆಲಸ ಮಾಡುತ್ತಿದ್ದವು, ಮೂತ್ರದ ಸೋಂಕಿನ ಮೇಲೆ ಕಣ್ಣಿಟ್ಟರೆ ಸಾಕಿತ್ತು. ಅಂಡಾಶಯವನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು ಎಫ್.ಎಸ್.ಎಚ್. ಏರಿ 68 ಇತ್ತು, ಅಂದರೆ ಅಂಡಾಶಯ ಉತ್ತರ ಕೊಡುತ್ತಿಲ್ಲವೆಂದು ಮೆದುಳು ಕೂಗುತ್ತಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯಾಯಿತು. ಮಂಡ್ಯದವರಿಗೆ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದೂರದಲ್ಲಿ ಇಂಥದೊಂದು ಸಂಸ್ಥೆ ಇರುವುದು ದೊಡ್ಡ ಅನುಕೂಲ. ಮಧ್ಯಕಿವಿಯ ತೊಂದರೆಯ ಜೊತೆಗೆ ನರದ ಕಡೆಯ ನಷ್ಟದ ಗೆರೆಯೂ ಕಂಡಿತು: 1500–2000 ಹರ್ಟ್ಸ್ ಸುತ್ತ ಒಂದು ತಗ್ಗು. ಟರ್ನರ್ ಇರುವವರಲ್ಲಿ ಇದು ವಯಸ್ಸಿನೊಂದಿಗೆ ಆಳವಾಗುತ್ತದೆ. ‘ಮಂದ ಹುಡುಗಿ’ ಎಂದು ಶಾಲೆಯಲ್ಲಿ ಕರೆಯುತ್ತಿದ್ದುದರ ಅರ್ಧ ಕಾರಣ ಅಲ್ಲಿತ್ತು. ಉಳಿದರ್ಧಕ್ಕೆ ಕಾರಣ ಗಣಿತ. ಈ ಸ್ಥಿತಿಯಲ್ಲಿ ಬುದ್ಧಿಮಟ್ಟ ಸಾಮಾನ್ಯವಾಗಿ ಎಲ್ಲರಂತೆಯೇ ಇರುತ್ತದೆ, ಆದರೆ ದೂರ, ದಿಕ್ಕು, ಆಕಾರ, ಅಂಕಿಗಳ ಜೋಡಣೆ ಹಿಡಿತಕ್ಕೆ ಸಿಗುವುದು ಕಷ್ಟ. ಓದುವುದು, ಮಾತು, ನೆನಪು ಸುಮಾಳಿಗೆ ಚುರುಕಾಗಿಯೇ ಇದ್ದವು.

ಹೃದಯದ ಎಕೋ ವರದಿ ‘ಸಾಮಾನ್ಯ’ ಎಂದಿತ್ತು. ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು: ಚಿತ್ರ ಸ್ಪಷ್ಟವಿಲ್ಲ, ಎಂ.ಆರ್.ಐ. ಮಾಡಿಸಿ. ಅಗಲವಾದ ಚಿಕ್ಕ ಎದೆಗೂಡಿನಲ್ಲಿ ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳದ) ಮೇಲ್ಭಾಗ ಎಕೋಗೆ ಸರಿಯಾಗಿ ಸಿಗದಿರುವುದು ಮಾಮೂಲು. ಅದಕ್ಕೇ ಎಕೋ ಜೊತೆಗೆ ಎಂ.ಆರ್.ಐ. ಕೂಡ ಬೇಕು. ಖರ್ಚಿನ ಮಾತು ಬಂದು ‘ಮುಂದಿನ ವರ್ಷ’ ಎಂದಾಯಿತು. ಆ ಮುಂದಿನ ವರ್ಷ ಬಂದದ್ದು ಅವಳಿಗೆ 23 ತುಂಬಿದಾಗ.

ಇನ್ನೊಂದು ತೀರ್ಮಾನವನ್ನು ಯಾರೂ ಕಡತದಲ್ಲಿ ಬರೆಯಲಿಲ್ಲ. ಅವ್ವ ಮಕ್ಕಳ ವಿಭಾಗದ ವೈದ್ಯೆಯನ್ನು ಬಾಗಿಲಾಚೆ ಕರೆದು, ‘ಇದ್ನ ಅವ್ಳಿಗೆ ಹೇಳ್ಬೇಡಿ ಮೇಡಂ. ಹೆಣ್ಣು ಕೂಸು, ನಾಳೆ ಊರೋರ ಬಾಯಿಗೆ ಬೀಳ್ತಳೆ’ ಎಂದರು. ಮಕ್ಕಳಾಗುವುದಿಲ್ಲ ಎಂಬ ಮಾತು ಅವರ ಕಿವಿಯಲ್ಲಿ ಇನ್ನೂ ಸುಡುತ್ತಿತ್ತು. ವೈದ್ಯೆ ಒಪ್ಪಿದರು. ಹುಡುಗಿಗೆ ಹೇಳಿದ್ದು ಇಷ್ಟು: ‘ಎತ್ತರ ಆಗೋಕೆ ಇಂಜೆಕ್ಷನ್ ಕೊಡ್ತೀವಿ ಪುಟ್ಟಿ.’ ಆ ಹೊತ್ತಿನಲ್ಲಿ ಅದು ಕರುಣೆಯಾಗಿಯೇ ಕಂಡಿತ್ತು.

ಚುಚ್ಚುಮದ್ದಿನ ನಾಲ್ಕು ವರ್ಷ

ಬೆಳವಣಿಗೆಯ ಹಾರ್ಮೋನು ನಾಲ್ಕರಿಂದ ಆರು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು. 11ಕ್ಕೆ ಶುರು ಮಾಡಿದರೂ ಐದರಿಂದ ಎಂಟು ಸೆಂ.ಮೀ. ಗಳಿಸುವ ಆಸೆ ಇಟ್ಟುಕೊಳ್ಳಬಹುದಿತ್ತು. ಡೋಸ್ ದಿನಕ್ಕೆ ಕೆ.ಜಿ.ಗೆ 50 ಮೈಕ್ರೋಗ್ರಾಂ. 25 ಕೆ.ಜಿ.ಗೆ 1.25 ಮಿ.ಗ್ರಾಂ, ಅಂದರೆ 3.75 ಯೂನಿಟ್. 15 ಮಿ.ಗ್ರಾಂ ಕಾರ್ಟ್ರಿಡ್ಜ್ ಒಂದು 12 ದಿನ ಬರುತ್ತದೆ, ತಿಂಗಳಿಗೆ ಎರಡೂವರೆ. ತೂಕ ಏರಿದಂತೆ ಡೋಸೂ ಏರುತ್ತದೆ, ಖರ್ಚೂ ಏರುತ್ತದೆ. ಬಿಲ್ಲು ತಿಂಗಳಿಗೆ ಐದಂಕಿ. ಅಪ್ಪ ಅರ್ಧ ಎಕರೆ ಕಬ್ಬಿನ ಗದ್ದೆಯನ್ನು ಭೋಗ್ಯಕ್ಕೆ ಹಾಕಿದರು, ಕಂಪನಿಯೊಂದರ ರಿಯಾಯಿತಿ ಯೋಜನೆಯಿಂದ ಒಂದಿಷ್ಟು ಇಳಿಯಿತು. (ಈಗಿನವರಿಗೆ ಬೇರೆ ದಾರಿ ಇದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಟರ್ನರ್‌ಗೆ ಬೆಳವಣಿಗೆಯ ಹಾರ್ಮೋನು ಸೇರಿದೆ. ಅರ್ಜಿ ಹೋಗಬೇಕಾದದ್ದು ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರದ ಮೂಲಕ. ಕರ್ನಾಟಕದಲ್ಲಿ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿದ್ದು.)

ವೈದ್ಯೆ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ‘ಒಂದು ವರ್ಷ ನೋಡೋಣ. ಬೆಳವಣಿಗೆಯ ವೇಗ ಹೆಚ್ಚದಿದ್ದರೆ ನಿಲ್ಲಿಸೋಣ, ಗದ್ದೆ ಬಿಡಿಸಿಕೊಳ್ಳಿ’ ಎಂದು ಮೊದಲೇ ಮಾತಾಯಿತು. ಅದಕ್ಕೆ ಮುಂಚಿನ ವರ್ಷ ಮೂರೂವರೆ ಸೆಂ.ಮೀ. ಬೆಳೆದಿದ್ದವಳು ಮೊದಲ ವರ್ಷ 7 ಬೆಳೆದಳು.

ಎರಡನೇ ವರ್ಷದ ಮಧ್ಯದಲ್ಲಿ ಬೆಳವಣಿಗೆ ಇದ್ದಕ್ಕಿದ್ದಂತೆ ಕುಂಟಿತು. ಮೊದಲ ಅನುಮಾನ ಅವ್ವನ ಮೇಲೆ, ಚುಚ್ಚುವುದನ್ನು ತಪ್ಪಿಸುತ್ತಿದ್ದಾರೆಂದು. ಖಾಲಿ ಕಾರ್ಟ್ರಿಡ್ಜ್‌ಗಳನ್ನು ತರಿಸಿ ಎಣಿಸಿದರು, ಲೆಕ್ಕ ಸರಿಯಿತ್ತು. ಥೈರಾಯ್ಡ್ ನೋಡಿದರು, ಟಿ.ಎಸ್.ಎಚ್. ಆಗ ಸರಿಯೇ ಇತ್ತು (14ನೇ ವಯಸ್ಸಿಗೆ ಏರಿತು, ಆಮೇಲೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ನಿಂತಿಲ್ಲ). ಕೊನೆಗೆ ನರ್ಸ್ ಒಬ್ಬರು ಕೇಳಿದರು: ‘ಫ್ರಿಜ್ಜಿನಲ್ಲಿ ಎಲ್ಲಿ ಇಡ್ತೀರಮ್ಮ?’ ಮನೆಯಲ್ಲಿದ್ದದ್ದು ಒಂದೇ ಬಾಗಿಲಿನ ಫ್ರಿಜ್ಜು. ತಣ್ಣಗಿರಲಿ ಎಂದು ಅವ್ವ ಪೆನ್ನನ್ನು ಫ್ರೀಜರ್ ಗೂಡಿನ ಕೆಳಗಿನ ತಟ್ಟೆಯಲ್ಲಿ, ಮಂಜು ಕಟ್ಟುವ ಜಾಗಕ್ಕೆ ಒರಗಿಸಿ ಇಡುತ್ತಿದ್ದರು. ಅಲ್ಲಿ ರಾತ್ರಿ ಅದು ಹೆಪ್ಪುಗಟ್ಟುತ್ತಿತ್ತು, ಹಗಲು ಕರೆಂಟ್ ಹೋದಾಗ ಕರಗುತ್ತಿತ್ತು. ಹಾರ್ಮೋನು ಪ್ರೋಟೀನು, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ತಿಳಿಯಾಗಿಯೇ ಇದ್ದರೂ ಕೆಲಸ ಮಾಡುವುದಿಲ್ಲ. ಇರಬೇಕಾದ್ದು 2ರಿಂದ 8 ಡಿಗ್ರಿ: ನಡುವಿನ ತಟ್ಟೆಯಲ್ಲಿ, ಹಿಂಗೋಡೆಗೆ ತಾಗದಂತೆ, ಸ್ಟೀಲ್ ಡಬ್ಬಿಯೊಳಗೆ ಬಟ್ಟೆ ಸುತ್ತಿ. ತೆರೆದ ಕಾರ್ಟ್ರಿಡ್ಜ್ ಸಾಮಾನ್ಯವಾಗಿ 28 ದಿನದೊಳಗೆ ಮುಗಿಯಬೇಕು. ಪ್ರತಿ ರಾತ್ರಿ ಮಲಗುವ ಮುಂಚೆ ತೊಡೆ, ಹೊಟ್ಟೆ, ಪಿರ್ರೆ ಎಂದು ಜಾಗ ಬದಲಿಸಿ ಚುಚ್ಚಬೇಕು. ಒಂದೇ ಕಡೆ ಚುಚ್ಚಿದರೆ ಅಲ್ಲಿನ ಕೊಬ್ಬು ಗಂಟಾಗಿ ಔಷಧಿ ಸರಿಯಾಗಿ ಹೀರಿಕೊಳ್ಳದು. ಡಬ್ಬಿ ಬದಲಾಯಿತು, ಬೆಳವಣಿಗೆ ಮರಳಿತು. ಹಾಳಾದದ್ದು ಸುಮಾರು ಐದು ತಿಂಗಳ ಔಷಧಿ. ಗದ್ದೆಯ ಲೆಕ್ಕದಲ್ಲಿ ಎಷ್ಟೆಂದು ಅಪ್ಪನಿಗೆ ಮಾತ್ರ ಗೊತ್ತು.

ಈ ನಡುವೆ 12ಕ್ಕೆ ಈಸ್ಟ್ರೋಜನ್, ಅಂದರೆ ಅಂಡಾಶಯ ಮಾಡಬೇಕಿದ್ದ ಹೆಣ್ಣು ಹಾರ್ಮೋನು, ಶುರುವಾಗಿತ್ತು. ಎತ್ತರ ಪೂರ್ತಿ ಮುಗಿಯಲಿ, ಆಮೇಲೆ ಕೊಡೋಣ ಎಂದು 15–16ರವರೆಗೆ ಕಾಯುವುದು ಹಳೆಯ ರೂಢಿ. ಕಾಯುವುದರಿಂದ ಮೂಳೆಗೆ ನಷ್ಟ, ಗರ್ಭಕೋಶ ಬೆಳೆಯುವುದಿಲ್ಲ, ಓರಗೆಯವರೆಲ್ಲ ದೊಡ್ಡವರಾಗುವಾಗ ಇವಳೊಬ್ಬಳು ಹಿಂದುಳಿಯುತ್ತಾಳೆ. ಕಡಿಮೆ ಡೋಸಿನಲ್ಲಿ ಕೊಟ್ಟರೆ ಎತ್ತರಕ್ಕೆ ಪೆಟ್ಟೂ ಬೀಳುವುದಿಲ್ಲ. ಅಂಟಿಸುವ ಪ್ಯಾಚ್ ಅಂಗಡಿಯಲ್ಲಿ ಸಿಗಲಿಲ್ಲ. ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜನ್‌ನ 1 ಮಿ.ಗ್ರಾಂ ಮಾತ್ರೆಯನ್ನು ಕಟರ್‌ನಲ್ಲಿ ನಾಲ್ಕು ಮಾಡಿ ದಿನಕ್ಕೆ ಕಾಲು ಭಾಗ. ಆರಾರು ತಿಂಗಳಿಗೆ ಅರ್ಧ, ಒಂದು, ಒಂದೂವರೆ, ಎರಡು. ಎರಡು ವರ್ಷದ ಹೊತ್ತಿಗೆ ತಿಂಗಳಿಗೆ 12 ರಾತ್ರಿ ಪ್ರೊಜೆಸ್ಟರಾನ್ 200 ಮಿ.ಗ್ರಾಂ ಸೇರಿತು. ಈಸ್ಟ್ರೋಜನ್ ಒಂದನ್ನೇ ಕೊಡುತ್ತಾ ಹೋದರೆ ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಕೆಡುಕಾಗುತ್ತದೆ, ಅದಕ್ಕಾಗಿ. 14ಕ್ಕೆ ಮೊದಲ ಮುಟ್ಟು. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿದ, ಆರತಿಯಾಯಿತು, ಊರಿಗೆಲ್ಲ ಊಟವಾಯಿತು. ಅವ್ವ ಅವತ್ತು ಅತ್ತದ್ದು ಖುಷಿಗೆ. ಮನೆಯವರ ಮಟ್ಟಿಗೆ ಕಾಯಿಲೆ ಅಲ್ಲಿಗೆ ವಾಸಿಯಾಯಿತು.

15 ದಾಟಿ, ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ವಯಸ್ಸು 14 ಮುಟ್ಟಿ, ವರ್ಷದ ಬೆಳವಣಿಗೆ 2 ಸೆಂ.ಮೀ.ಗೆ ಇಳಿದಾಗ ಚುಚ್ಚುಮದ್ದು ನಿಂತಿತು. ಕೊನೆಯ ಎತ್ತರ 142.

ಐದು ವರ್ಷದ ಕಂದರ

18 ತುಂಬಿದ ಮೇಲೆ ಮಕ್ಕಳ ವಿಭಾಗದಲ್ಲಿ ಚೀಟಿ ಮಾಡಿಸಲಾಗುವುದಿಲ್ಲ. ಮೂರು ಪುಟದ ಇಂಗ್ಲಿಷ್ ಸಾರಾಂಶ ಕೈಗೆ ಬಂತು. ಕೊನೆಯ ಸಾಲು, ‘ವಯಸ್ಕರ ಎಂಡೋಕ್ರೈನ್ (ಹಾರ್ಮೋನು) ವಿಭಾಗದಲ್ಲಿ ಮುಂದುವರಿಸುವುದು.’ ಯಾವ ವಿಭಾಗ, ಯಾವ ವಾರ, ಯಾರನ್ನು ಕೇಳಬೇಕು ಎಂಬುದಿಲ್ಲ. ಆ ಮೂರು ಪುಟ ಅಪ್ಪನ ಪಹಣಿ ಪತ್ರಗಳ ಜೊತೆ ಕಬ್ಬಿಣದ ಟ್ರಂಕು ಸೇರಿತು.

ಮಾತ್ರೆ ನಿಲ್ಲಿಸಿದವಳು ಸುಮಾಳೇ, ತಾನಾಗಿ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎತ್ತರದ ಇಂಜೆಕ್ಷನ್ ಮುಗಿಯಿತು. ಮಾತ್ರೆ ‘ಮುಟ್ಟು ಬರೋಕೆ’ ಎಂದಿದ್ದರು, ಮುಟ್ಟು ಬಂತು. ಇನ್ನು ಯಾಕೆ? ನಿಲ್ಲಿಸಿದ ಮೇಲೆ ಮುಟ್ಟು ನಿಂತಿತು, ಅದು ಅವಳಿಗೆ ಹಾಯೆನಿಸಿತು, ಯಾರಿಗೂ ಹೇಳಲಿಲ್ಲ. ಥೈರಾಯ್ಡ್ ಮಾತ್ರೆ ಮಾತ್ರ ಮುಂದುವರಿಯಿತು, ಏಕೆಂದರೆ ಅತ್ತಿಗೆಯೂ ಅದನ್ನೇ ನುಂಗುತ್ತಿದ್ದಳು, ಅದಕ್ಕೊಂದು ಹೆಸರಿತ್ತು.

ತನ್ನ ದೇಹದಲ್ಲಿ ಏನಿದೆಯೆಂದು ತಿಳಿಯದವಳು 18ರಿಂದ 50ರವರೆಗೆ ದಿನಾ ಒಂದು ಮಾತ್ರೆ ಏಕೆ ನುಂಗಬೇಕು? ಪತ್ತೆಯಾದ 11ನೇ ವಯಸ್ಸಿನಲ್ಲೇ ಹಂತ ಹಂತವಾಗಿ ಹೇಳಬಹುದಿತ್ತು. ‘ನಿನ್ನ ಅಂಡಾಶಯ ಹಾರ್ಮೋನು ಮಾಡುತ್ತಿಲ್ಲ, ಅದನ್ನು ಹೊರಗಿನಿಂದ ಕೊಡುತ್ತೇವೆ’ ಎಂಬುದು 11ಕ್ಕೆ ಅರ್ಥವಾಗುತ್ತದೆ. ಸ್ಥಿತಿಯ ಹೆಸರು 12–13ಕ್ಕೆ. ಮಕ್ಕಳ ವಿಷಯ ಹೈಸ್ಕೂಲು ಮುಗಿಯುವುದರೊಳಗೆ, ಅವ್ವನ ಎದುರಿಗೊಮ್ಮೆ, ಅವ್ವನಿಲ್ಲದೆ ಒಮ್ಮೆ. ಮನೆಯವರು ಬೇಡವೆಂದಾಗ ಒಪ್ಪಿಬಿಡುವುದರ ಬದಲು ‘ಇವತ್ತು ಬೇಡ, ಯಾವಾಗ ಹೇಳೋಣ?’ ಎಂದು ದಿನಾಂಕ ಕೇಳಬೇಕಿತ್ತು. ಇಲ್ಲಿ ಆ ಪ್ರಶ್ನೆಯನ್ನು ಏಳು ವರ್ಷದಲ್ಲಿ ಯಾರೂ ಕೇಳಲಿಲ್ಲ.

ಮುರಿದ ಮಣಿಕಟ್ಟು

23ರಲ್ಲಿ ಸುಮಾ ಬಚ್ಚಲಲ್ಲಿ ಜಾರಿ, ಕೈ ಊರಿ ಬಿದ್ದಳು. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟಿನ ಮೂಳೆ ಮುರಿಯುವುದು 23ರ ವಯಸ್ಸಿಗೆ ಸಲ್ಲದ್ದು. ಪ್ಲೇಟ್ ಹಾಕಲು ಒಪ್ಪಿದರು. ಅರಿವಳಿಕೆಗೆ ಮುಂಚಿನ ತಪಾಸಣೆಯಲ್ಲಿ ರಕ್ತದೊತ್ತಡ 150/96, ಎದೆಯಲ್ಲಿ ಸಣ್ಣ ಮರ್ಮರ ಶಬ್ದ. ಅರಿವಳಿಕೆ ವೈದ್ಯರು ‘ಹಿಂದೆ ಏನಾದರೂ ಆಗಿತ್ತಾ?’ ಎಂದು ಕೇಳಿದರು. ‘ಎತ್ತರಕ್ಕೆ ಇಂಜೆಕ್ಷನ್ ತಗೊಂಡಿದ್ದೆ ಸರ್’ ಎಂದಳು. ಅವರು ಶಸ್ತ್ರಚಿಕಿತ್ಸೆ ಮುಂದೂಡಿ ಹಳೆಯ ಕಾಗದ ತರಲು ಹೇಳಿದರು. ಟ್ರಂಕಿನಿಂದ ಮೂರು ಪುಟ ಹೊರಬಂತು.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಎಕೋ ಆಯಿತು. ಮಹಾಪಧಮನಿಯ ಕವಾಟದಲ್ಲಿ ಮೂರು ಎಸಳಿರಬೇಕಾದಲ್ಲಿ ಎರಡೇ ಇದ್ದವು. ಟರ್ನರ್ ಇರುವವರಲ್ಲಿ ಶೇ. 15ರಿಂದ 30 ಮಂದಿಗೆ ಹೀಗಿರುತ್ತದೆ. ಹುಟ್ಟಿನಿಂದಲೇ ಇದ್ದದ್ದು ಅದು, 11ರ ವಯಸ್ಸಿನ ಮಸುಕು ಚಿತ್ರದಲ್ಲಿ ತಪ್ಪಿಹೋಗಿತ್ತು. ಮಹಾಪಧಮನಿಯ ಆರೋಹಣ ಭಾಗದ ಅಗಲ 30 ಮಿ.ಮೀ. ವರದಿಯ ಕೊನೆಗೆ: ಮಹಾಪಧಮನಿ ಸಾಮಾನ್ಯ ಅಳತೆಯದು. 165 ಸೆಂ.ಮೀ. ಎತ್ತರದ ಹೆಂಗಸಿಗೆ 30 ಮಿ.ಮೀ. ಏನೂ ಅಲ್ಲ. ಇವಳು 142.

ಎಂಡೋಕ್ರೈನ್ ವೈದ್ಯರು ವರದಿಯ ಅಂಚಿನಲ್ಲೇ ಪೆನ್ನಿನಲ್ಲಿ ಲೆಕ್ಕ ಹಾಕಿದರು. ಎತ್ತರ 142, ತೂಕ 44. ಎರಡನ್ನೂ ಗುಣಿಸಿ 3600ರಿಂದ ಭಾಗಿಸಿದರೆ 1.74, ಅದರ ವರ್ಗಮೂಲ 1.32. ಇದು ಮೈಮೇಲ್ಮೈಯ ಚದರ ಮೀಟರ್. 3.0 ಸೆಂ.ಮೀ.ಯನ್ನು 1.32ರಿಂದ ಭಾಗಿಸಿದರೆ 2.3 ಸಿಗುತ್ತದೆ. ವಯಸ್ಸಿಗೆ ಬಂದ ಟರ್ನರ್ ಹೆಂಗಸರಲ್ಲಿ ಈ ಅಂಕಿ 2.0 ದಾಟಿದರೆ ಮಹಾಪಧಮನಿ ಹಿಗ್ಗಿದೆ ಎಂದರ್ಥ, 2.5 ದಾಟಿದರೆ ಗೋಡೆ ಸೀಳುವ ಅಪಾಯ ಬಹಳ. ಅದರ ಜೊತೆ ಎರಡೆಸಳಿನ ಕವಾಟ, ಏರಿದ ಒತ್ತಡ ಸೇರಿದರೆ 2.3 ಕೂಡ ಸುಮ್ಮನೆ ಬಿಡುವ ಅಂಕಿಯಲ್ಲ. ಒಂದೇ ಹಾಳೆಯ ಮೇಲೆ ಮುದ್ರಣದಲ್ಲಿ ‘ಸಾಮಾನ್ಯ’, ಕೈಬರಹದಲ್ಲಿ 2.3.

ನಾಲ್ಕೂ ಕೈಕಾಲಿನ ಒತ್ತಡ ನೋಡಿದರು. ಕೈಯಲ್ಲಿ ಹೆಚ್ಚು, ಕಾಲಿನಲ್ಲಿ ಕಡಿಮೆ ಇದ್ದರೆ ಮಹಾಪಧಮನಿ ಒಂದೆಡೆ ಇರುಕಾಗಿದೆ ಎಂಬ ಗುಮಾನಿ ಬರುತ್ತದೆ. ಕಾಲಿನದು 158 ಇತ್ತು, ಇರುಕಿಲ್ಲ. ಹನ್ನೆರಡು ವರ್ಷ ತಡವಾಗಿ ಆದ ಎಂ.ಆರ್.ಐ. ಕೂಡ ಅದನ್ನೇ ಹೇಳಿತು, 30 ಮಿ.ಮೀ.ಯನ್ನೂ ಖಚಿತಪಡಿಸಿತು. ಒತ್ತಡ ಇಳಿಸುವ ಲೊಸಾರ್ಟಾನ್ 50 ಮಿ.ಗ್ರಾಂ ಶುರುವಾಯಿತು, ಗರ್ಭ ನಿಲ್ಲುವ ಸಂಭವವಿದ್ದರೆ ಕೂಡದ ಮಾತ್ರೆ ಎಂಬ ಎಚ್ಚರಿಕೆಯೊಂದಿಗೆ. ಒತ್ತಡ ಇಳಿದ ಮೇಲೆ ಮಣಿಕಟ್ಟಿಗೆ ಪ್ಲೇಟ್ ಬಿತ್ತು. ಆರು ತಿಂಗಳಿಗೆ ಮತ್ತೆ ಎಂ.ಆರ್.ಐ.; ಅಳತೆ ಬದಲಾಗಿರಲಿಲ್ಲ, ಅಲ್ಲಿಂದ ವರ್ಷಕ್ಕೊಮ್ಮೆ. ನಡಿಗೆ, ಸೈಕಲ್ ಧಾರಾಳವಾಗಿ ಆಗಬಹುದು. ಉಸಿರು ಕಟ್ಟಿ ಭಾರ ಎತ್ತುವುದು ಬೇಡ. ಹಳ್ಳಿಯ ಮನೆಯಲ್ಲಿ ಅದರರ್ಥ ಡೇರಿಗೆ ಹೋಗುವ ಹಾಲಿನ ಕ್ಯಾನು, ತುಂಬಿದ ಬಿಂದಿಗೆ, ರಾಗಿ ಮೂಟೆ; ಒಂದೊಂದನ್ನೂ ಹೆಸರಿಟ್ಟೇ ಹೇಳಬೇಕಾಯಿತು.

ಮೂಳೆ ಸಾಂದ್ರತೆಯ ಜೆಡ್ ಅಂಕ (ಅದೇ ವಯಸ್ಸಿನವರ ಸರಾಸರಿಗೆ ಹೋಲಿಸಿದ ಅಂಕಿ) ಮೈನಸ್ 2.6. ಚಿಕ್ಕ ಮೂಳೆಯ ಚಿತ್ರವನ್ನು ಯಂತ್ರ ತೆಳು ಮೂಳೆಯೆಂದು ಓದುತ್ತದೆ, ಹಾಗಾಗಿ ಅಂಕಿಯನ್ನು ಹಾಗೇ ನಂಬಬಾರದು. ಆದರೆ ಮುರಿದ ಕೈ ಮತ್ತು ಹಾರ್ಮೋನಿಲ್ಲದ ಐದು ವರ್ಷ ಎದುರಿಗಿದ್ದವು. ಈಸ್ಟ್ರೋಜನ್ ಮರಳಿತು, ಈ ಸಲ ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲಿ. ಒತ್ತಡ ಇರುವವಳಿಗೆ ಯಕೃತ್ತನ್ನು ಮೊದಲು ಹಾಯದ ಈ ದಾರಿ ವಾಸಿ. ಒಂದು ಒತ್ತಿಗೆ 0.75 ಮಿ.ಗ್ರಾಂ, ಮೂರು ತಿಂಗಳು ಒಂದು ಒತ್ತು, ಆಮೇಲೆ ಎರಡು. ತೋಳಿಗೆ ಹಚ್ಚಿ ಒಣಗುವವರೆಗೆ ಬಟ್ಟೆ ಹಾಕಬಾರದು, ಮನೆಯ ಮಕ್ಕಳ ಮೈಗೆ ತಾಗಬಾರದು. ತಿಂಗಳಿಗೆ 12 ರಾತ್ರಿ ಪ್ರೊಜೆಸ್ಟರಾನ್ ಮೊದಲಿನಂತೆಯೇ.

ಕಿವಿಯ 2000 ಹರ್ಟ್ಸ್ ತಗ್ಗು ಈಗ ಆಳವಾಗಿತ್ತು. ಶ್ರವಣ ಸಾಧನ ಬಂತು. ಟರ್ನರ್‌ನಲ್ಲಿ ಪ್ರತಿ ವರ್ಷ ನೋಡಬೇಕಾದ ಥೈರಾಯ್ಡ್, ಎಚ್.ಬಿ.ಎ1ಸಿ (ರಕ್ತದ ಸಕ್ಕರೆಯ ಸರಾಸರಿ), ಯಕೃತ್ತಿನ ಕಿಣ್ವಗಳು ಒಂದೇ ಚೀಟಿಯಲ್ಲಿ ಸೇರಿದವು.

ಹೆಸರು ತಿಳಿದ ಮೇಲೆ

ಸ್ಥಿತಿಯ ಹೆಸರನ್ನು ಸುಮಾ ಕೇಳಿದ್ದು ಅರಿವಳಿಕೆ ವೈದ್ಯರ ಬಾಯಿಂದ, ತೆರೆದ ವಾರ್ಡಿನಲ್ಲಿ. ಅವತ್ತೇ ರಾತ್ರಿ ಮೊಬೈಲಿನಲ್ಲಿ ಉಳಿದದ್ದನ್ನೆಲ್ಲ ಓದಿದಳು. ಎರಡು ತಿಂಗಳು ಅವ್ವನ ಜೊತೆ ಮಾತು ಬಿಟ್ಟಳು. ಆಪ್ತಸಮಾಲೋಚಕಿ ಮೂರು ಸಲ ಕೂರಿಸಿ ಮಾತಾಡಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಮಕ್ಕಳದ್ದಲ್ಲ: ‘ಗಣಿತದಲ್ಲಿ ಫೇಲ್ ಆಗಿದ್ದು ಇದರಿಂದನಾ?’ ಇರಬಹುದು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳಂತೆ.

ಮಕ್ಕಳ ಪ್ರಶ್ನೆ ಎರಡನೆಯದು. ಹಾರ್ಮೋನು ಕೊಟ್ಟು ಬೆಳೆಸಿದ ಗರ್ಭಕೋಶ ದಾನಿಯ ಅಂಡದಿಂದಾದ ಭ್ರೂಣವನ್ನು ಹೊರಬಲ್ಲದು; ಟರ್ನರ್ ಇರುವ ಹಲವರು ಹೀಗೆ ತಾಯಿಯಾಗಿದ್ದಾರೆ. ಸುಮಾಳಿಗೆ ಅಡ್ಡಿಯಾದದ್ದು ಹೃದಯ. ಬಸುರಿನಲ್ಲಿ ರಕ್ತದ ಪ್ರಮಾಣ, ಒತ್ತಡ ಏರಿ ಹಿಗ್ಗಿದ ಮಹಾಪಧಮನಿ ಸೀಳಬಹುದು. ಅಂಕಿ 2.0 ದಾಟಿ, ಜೊತೆಗೆ ಎರಡೆಸಳಿನ ಕವಾಟ ಮತ್ತು ಒತ್ತಡ ಇದ್ದವಳಿಗೆ ಬಸುರು ಬೇಡವೆಂದು ಹೃದ್ರೋಗ ತಜ್ಞರು ನೇರವಾಗಿ ಹೇಳಿದರು. ‘ನೋಡೋಣ’ ಎನ್ನಲಿಲ್ಲ. ಹಾಗೆಂದಿದ್ದರೆ ಮದುವೆಯಾದ ಮೇಲೆ ಗಂಡನ ಮನೆಯ ಒತ್ತಾಯಕ್ಕೆ ಅದು ದಾರಿಯಾಗುತ್ತಿತ್ತು. ದತ್ತು ತೆಗೆದುಕೊಳ್ಳುವ ಕಾನೂನಿನ ದಾರಿಯನ್ನೂ ಅದೇ ಕೂತಲ್ಲಿ ತಿಳಿಸಿದರು.

ಆ ವರ್ಷ ಹೆಣ್ಣು ನೋಡಲು ಬಂದವರಿಗೆ ಅವ್ವ ಏನೂ ಹೇಳಬಾರದೆಂದಿದ್ದರು. ಸುಮಾ ಹುಡುಗನನ್ನು ಕರೆದು ತಾನೇ ಹೇಳಿದಳು. ಸಂಬಂಧ ಮುರಿಯಿತು. ಈಗ ಅವಳು ಖಾಸಗಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ.

ತಂಡ ಅವಳಿಗೆ ಬಸ್ ಪಾಸಿನಷ್ಟು ಗಾತ್ರದ, ಲ್ಯಾಮಿನೇಟ್ ಮಾಡಿದ ಕಾರ್ಡೊಂದನ್ನು ಕೊಟ್ಟಿತು. ಒಂದು ಬದಿ ಕನ್ನಡ, ಇನ್ನೊಂದು ಇಂಗ್ಲಿಷ್. ಕನ್ನಡದ ಬದಿಯಲ್ಲಿ ಹೀಗಿದೆ: ‘ನನಗೆ ಟರ್ನರ್ ಸಿಂಡ್ರೋಮ್ ಇದೆ. ಹೃದಯದ ಮುಖ್ಯ ರಕ್ತನಾಳ ಹಿಗ್ಗಿದೆ. ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ದಿಢೀರನೆ ತೀವ್ರ ನೋವು ಬಂದರೆ ಇ.ಸಿ.ಜಿ. ಸರಿಯಿದ್ದರೂ ಗ್ಯಾಸ್ಟ್ರಿಕ್ ಎಂದು ಬಿಡಬೇಡಿ. ತಕ್ಷಣ ಮಹಾಪಧಮನಿಯ ಸಿ.ಟಿ. ಬೇಕು. 30 ಮಿ.ಮೀ. ನನಗೆ ಸಾಮಾನ್ಯವಲ್ಲ.’ ಕೊನೆಯ ವಾಕ್ಯ ಸೇರಿಸಲು ಹೇಳಿದ್ದು ಸುಮಾ.

ಕಳೆದ ಯುಗಾದಿಯ ಮರುದಿನ ರಾತ್ರಿ 11ಕ್ಕೆ ಅವಳಿಗೆ ಎದೆಗುಂಡಿಗೆಯಲ್ಲಿ ನೋವು ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಸರಿಯಿತ್ತು. ಪಾಳಿಯ ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ‘ಗ್ಯಾಸ್ಟ್ರಿಕ್ ಇರಬೇಕಮ್ಮ, ಇಂಜೆಕ್ಷನ್ ಹಾಕ್ತೀನಿ’ ಎಂದರು. ಅವಳು ಕಾರ್ಡು ಮುಂದಿಟ್ಟಳು. ಅವರು ಎರಡೂ ಬದಿ ಓದಿ, ಎರಡೂ ತೋಳಿನ ಒತ್ತಡ ನೋಡಿ, 108 ಕರೆಸಿ ಮೈಸೂರಿಗೆ ಕಳಿಸಿದರು. ರಾತ್ರಿ ಎರಡಕ್ಕೆ ಸಿ.ಟಿ. ಆಯಿತು. ಮಹಾಪಧಮನಿ 30 ಮಿ.ಮೀ., ಸೀಳಿಲ್ಲ, ಮೊದಲಿನಂತೆಯೇ ಇದೆ. ನೋವಿಗೆ ಕಾರಣ ನಿಜವಾಗಿ ಗ್ಯಾಸ್ಟ್ರಿಕ್ಕೇ. ‘ಹೋಳಿಗೆ ತಿಂದಿದ್ದು ಸಾಕಾಗಿತ್ತಾ?’ ಎಂದು ಅಪ್ಪ ಬೆಳಗಿನ ರೈಲಿನಲ್ಲಿ ಮಂಡ್ಯ ಬರುವವರೆಗೂ ಗೊಣಗಿದರು.